ಇಂದ್ರಿಯಜ್ಞಾನದ ನಾಲ್ಕು ಮೆಟ್ಟಿಲುಗಳು



ವಾರ್ಷಿಕ ಮಹೋತ್ಸವದ ಈ ಪುಣ್ಯಾವಸರದಲ್ಲಿ ಜಿನಬಿಂಬದ ಅಭಿಷೇಕವನ್ನು ಕಣ್ಣಾರೆ ಕಾಣುತ್ತೇವೆ, ಘಂಟಾನಾದವನ್ನು ಕಿವಿಯಾರೆ ಕೇಳುತ್ತೇವೆ, ಗಂಧದ ಪರಿಮಳವನ್ನು ಆಘ್ರಾಣಿಸುತ್ತೇವೆ. ಇಂದ್ರಿಯಗಳು ನಮಗೆ ಕೊಡುವ ಈ ಅರಿವು ಎಂತಹುದು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ನಮ್ಮ ಆಚಾರ್ಯರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ.

ಇಂದ್ರಿಯ ಮತ್ತು ಮನಸ್ಸಿನ ಮೂಲಕ ಉಂಟಾಗುವ ಜ್ಞಾನಕ್ಕೆ ಮತಿಜ್ಞಾನವೆಂದು ಹೆಸರು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಇದಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿದ್ದಾರೆ. ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಕೊಟ್ಟಿರುವ ಉದಾಹರಣೆ ಮಕ್ಕಳಿಗೂ ತಿಳಿಯುವಂತಿದೆ. ಏನೋ ಬಿಳಿಯ ರೂಪ ಕಂಡಿತು, ಇದು ಅವಗ್ರಹ. ಅದು ಬೆಳ್ಳಕ್ಕಿಯೋ, ಬಾವುಟವೋ ಎಂದು ವಿಶೇಷವನ್ನು ಅರಿಯಬಯಸುವುದು ಈಹಾ. ರೆಕ್ಕೆ ಬಡಿಯುತ್ತ ಮೇಲಕ್ಕೂ ಕೆಳಕ್ಕೂ ಹಾರುವುದನ್ನು ಕಂಡು ಬೆಳ್ಳಕ್ಕಿಯೇ ಸರಿ ಎಂದು ನಿಶ್ಚಯಿಸುವುದು ಅವಾಯ. ಅದನ್ನು ಮುಂದೆ ಮರೆಯದಿರುವುದು ಧಾರಣಾ.

ಅವಗ್ರಹವೂ ಒಮ್ಮೆಲೇ ಆಗುವುದಿಲ್ಲ. ಹೊಸ ಮಣ್ಣಿನ ಪಾತ್ರೆಯ ಮೇಲೆ ಒಂದೆರಡು ಹನಿ ನೀರು ಬಿದ್ದರೆ ಅದು ಒದ್ದೆಯಾಗದು. ಹನಿಗಳು ಬೀಳುತ್ತಲೇ ಇದ್ದರೆ ಮೆಲ್ಲಮೆಲ್ಲನೆ ಒದ್ದೆಯಾಗುವುದು. ಶಬ್ದ ಮೊದಲಾದವು ಹೀಗೆಯೇ ಮೊದಲು ಅವ್ಯಕ್ತವಾಗಿದ್ದು ಬಳಿಕ ವ್ಯಕ್ತವಾಗುತ್ತವೆ ಎಂದು ಅದೇ ಟೀಕೆ ತಿಳಿಸುತ್ತದೆ. ಜರ್ಮನಿಯ ವಿಜ್ಞಾನಿ ಗುಸ್ಟಾವ್ ಫೆಕ್ನರ್ 1860ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಚೋದನೆಯು ಒಂದು ಹೊಸ್ತಿಲನ್ನು ದಾಟಿದ ಮೇಲೆಯೇ ಅರಿವಿಗೆ ಬರುತ್ತದೆಂದು ಪ್ರತಿಪಾದಿಸಿದನು. ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಆಚಾರ್ಯರು ಮಣ್ಣಿನ ಪಾತ್ರೆಯಲ್ಲಿ ತೋರಿದ ವಿಚಾರ ಇದಕ್ಕೆ ಬಹು ಸಮೀಪವಾದುದು.

ನಾಲ್ಕು ಮೆಟ್ಟಿಲುಗಳಲ್ಲಿ ನಾವು ಹೆಚ್ಚಾಗಿ ಹಾರಿಬಿಡುವುದು ಎರಡನೆಯದನ್ನು, ಅಂದರೆ ಈಹಾವನ್ನು. ನಮ್ಮ ಗಡಿಭಾಗದ ಪೇಟೆಯಲ್ಲಿ 'ಕಾಯ್' ಎಂಬ ಸದ್ದು ಕಿವಿಗೆ ಬಿದ್ದರೆ ಮರಾಠಿಯವರು 'ಏನು' ಎಂದು ತಿಳಿಯುವರು, ಕನ್ನಡಿಗರು ತೆಂಗಿನಕಾಯಿಯನ್ನು ನೆನೆಯುವರು. ಶಬ್ದ ಒಂದೇ, ನಿಶ್ಚಯ ಎರಡು. ಅಂಗಡಿಯ ದೀಪದಲ್ಲಿ ಒಂದು ಬಣ್ಣವಾಗಿ ಕಂಡ ಸೀರೆ ಬಿಸಿಲಿನಲ್ಲಿ ಇನ್ನೊಂದಾಗಿ ಕಾಣುವುದುಂಟು. ಆದ್ದರಿಂದಲೇ ಜಾಣ ಹೆಣ್ಣುಮಕ್ಕಳು ಸೀರೆಯನ್ನು ಬಾಗಿಲಿಗೆ ತಂದು ನೋಡಿಯೇ ಕೊಳ್ಳುತ್ತಾರೆ. ಈಹಾ ಎಂದರೆ ಇದೇ.

ಸೀರೆಯ ವಿಷಯದಲ್ಲಿರುವ ಈ ಎಚ್ಚರ ಮನುಷ್ಯರ ವಿಷಯದಲ್ಲಿ ನಮಗಿದೆಯೆ? ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಇಟ್ಟ ಸದ್ದು ಜೋರಾಗಿ ಕೇಳಿತು. ಕಿವಿಗೆ ಬಿದ್ದುದು ಪಾತ್ರೆಯ ಸದ್ದು ಮಾತ್ರ. 'ನನ್ನ ಮೇಲಿನ ಸಿಟ್ಟು' ಎಂಬುದನ್ನು ಕೂಡಿಸಿದ್ದು ಮನಸ್ಸು. ವ್ಯಾಪಾರದಲ್ಲಿ ಪಾಲುಗಾರನಾದ ತಮ್ಮ ಎದುರಿಗೆ ಬಂದೂ ಮಾತನಾಡಿಸದೆ ಹೋದ. ಕಣ್ಣು ಕಂಡದ್ದು ಅಷ್ಟೇ. 'ಲೆಕ್ಕದಲ್ಲಿ ಏನೋ ಮುಚ್ಚಿಟ್ಟಿದ್ದಾನೆ' ಎಂಬುದನ್ನು ಕಣ್ಣು ಕಾಣಲಿಲ್ಲ. ವಯಸ್ಸಾದವರಲ್ಲಂತೂ ಕಿವಿ ಅರ್ಧ ಮಾತನ್ನು ಹಿಡಿಯುತ್ತದೆ, ಉಳಿದರ್ಧವನ್ನು ಕಷಾಯವೇ ತುಂಬಿಕೊಡುತ್ತದೆ. ಹೀಗೆ ವಿಚಾರಿಸದೆ ಮಾಡಿದ ನಿಶ್ಚಯವು ಧಾರಣೆಯಲ್ಲಿ ಬೇರುಬಿಟ್ಟರೆ, ಮುಂದೆ ಆ ತಮ್ಮನು ನಕ್ಕರೂ ಅದು ಕುಹಕವಾಗಿಯೇ ಕಾಣುವುದು. ಒಂದು ಮನೆ ಎರಡಾಗುವುದಕ್ಕೆ ಇಷ್ಟು ಸಾಕು.

ಇಂದ್ರಿಯನಿಗ್ರಹವೆಂದರೆ ಕಣ್ಣು ಕಿವಿಗಳನ್ನು ಮುಚ್ಚಿಕೊಳ್ಳುವುದಲ್ಲ. ಇಂದ್ರಿಯ ತಂದುಕೊಟ್ಟುದು ಎಷ್ಟು, ರಾಗದ್ವೇಷಗಳು ಬೆರೆಸಿದ್ದು ಎಷ್ಟು ಎಂದು ಬೇರ್ಪಡಿಸಿ ನೋಡುವುದೂ ನಿಗ್ರಹವೇ. ಕ್ಷಮಾವಣಿಯ ದಿನ ಕೈಮುಗಿದು ಕ್ಷಮೆ ಬೇಡುವ ನಾವು, ಉಳಿದ ದಿನಗಳಲ್ಲಿ ಕೋಪ ಬಂದೊಡನೆ 'ಬೆಳ್ಳಕ್ಕಿಯೋ, ಬಾವುಟವೋ' ಎಂದು ಒಂದು ಕ್ಷಣ ಕೇಳಿಕೊಂಡರೆ ಎಷ್ಟೋ ವೈರಗಳು ಹುಟ್ಟುವುದೇ ಇಲ್ಲ. ಮಾತು ಬಿಟ್ಟ ಬಂಧುಗಳು ಈ ಉತ್ಸವದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪರಸ್ಪರ ವಿಚಾರಿಸಿಕೊಳ್ಳುವಂತಾಗಲಿ ಎಂದು ಭಾವಿಸುತ್ತೇನೆ.