ನೆಲ ಡೊಂಕೆಂದವಳ ಪರವಾಗಿ

‘ಕುಣಿಯಲಾರದವಳು ನೆಲ ಡೊಂಕೆಂದಳಂತೆ.’ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಿಂದ ಹಿರಿಯೂರಿನವರೆಗೆ ಈ ಗಾದೆ ಗೊತ್ತಿಲ್ಲದ ಮನೆ ಇರಲಾರದು. ರೊಟ್ಟಿ ಹರಿದದ್ದಕ್ಕೆ ಹಿಟ್ಟನ್ನು ದೂರಿದ ಸೊಸೆಗೂ ಇದೇ ಗಾದೆ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಪ್ರಶ್ನೆಪತ್ರಿಕೆಯನ್ನು ಬೈದ ಮಗನಿಗೂ ಇದೇ. ಮಗ ಗಂಡಾದರೂ ಕುಣಿಯಲಾರದವಳು ಮಾತ್ರ ಹೆಣ್ಣೇ! ತನ್ನ ಕೊರತೆಯನ್ನು ಇನ್ನೊಂದರ ಮೇಲೆ ಹೊರಿಸಬಾರದು ಎಂಬ ನ್ಯಾಯವನ್ನು ಒಪ್ಪೋಣ. ಆದರೆ ಆ ನೆಲ ನಿಜಕ್ಕೂ ಡೊಂಕಾಗಿತ್ತೇ ಎಂದು ಗಾದೆ ಕಟ್ಟಿದವರು ಬಗ್ಗಿ ನೋಡಿದಂತಿಲ್ಲ.

ನೋಡಬೇಕಾಗಿತ್ತು ಅನ್ನುವುದಕ್ಕೆ 2000ದ ಸಿಡ್ನಿ ಒಲಿಂಪಿಕ್ಸೇ ಸಾಕ್ಷಿ. ಮಹಿಳೆಯರ ಜಿಮ್ನಾಸ್ಟಿಕ್ಸ್‌ನಲ್ಲಿ ಒಬ್ಬರ ಹಿಂದೊಬ್ಬರು, ಓಡಿ ಬಂದು ಕೈಯೂರಿ ಜಿಗಿಯುವ ವಾಲ್ಟ್‌ನಲ್ಲಿ ಮುಗ್ಗರಿಸಿದರು. ಚಿನ್ನ ಗೆಲ್ಲುವಳೆಂದೇ ಎಲ್ಲರೂ ನಂಬಿದ್ದ ರಷ್ಯಾದ ಸ್ವೆತ್ಲಾನಾ ಖೋರ್ಕಿನಾ ಕೂಡ ಬಿದ್ದಳು. ಕೊನೆಗೆ ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್‌ಗೆ ಅನುಮಾನ ಬಂತು. ಅಳೆದು ನೋಡಿದರೆ 125 ಸೆಂ.ಮೀ. ಎತ್ತರ ಇರಬೇಕಾದ ವಾಲ್ಟ್ 120ಕ್ಕೆ ನಿಂತಿತ್ತು. ತಪ್ಪಿದವರಿಗೆ ಮತ್ತೊಂದು ಅವಕಾಶ ಕೊಟ್ಟರು. ಅಷ್ಟರಲ್ಲಿ ಖೋರ್ಕಿನಾ ಮುಂದಿನ ಸುತ್ತಿನಲ್ಲೂ ಬಿದ್ದು ಆಸೆ ಬಿಟ್ಟಿದ್ದಳು. ಜಗತ್ತಿನ ಅತಿ ದೊಡ್ಡ ಅಖಾಡದಲ್ಲೇ ನೆಲ ಡೊಂಕಾಗಿತ್ತು. ಹಾಗೆಂದು ಹೇಳಿದವಳು ಕುಣಿಯಲು ಚೆನ್ನಾಗಿ ಬಲ್ಲವಳು.

ಈ ಗಾದೆಯನ್ನು ನಮ್ಮ ದೇಶದಲ್ಲಿ ಪೂರ್ತಿ ಬದುಕಿದವರು ತ್ರಿಪುರಾದ ದೀಪಾ ಕರ್ಮಾಕರ್. 1993ರಲ್ಲಿ ಅಗರ್ತಲಾದಲ್ಲಿ ಹುಟ್ಟಿದ ಅವರಿಗೆ ಮೊದಲ ಡೊಂಕು ಅಂಗಾಲಿನಲ್ಲೇ ಇತ್ತು. ಚಪ್ಪಟೆ ಪಾದದವರಿಗೆ ಜಿಗಿತದಲ್ಲಿ ಪುಟಿತ ಕಡಿಮೆ, ಇಳಿಯುವಾಗ ಹಿಡಿತವೂ ಕಷ್ಟ. ಕೋಚ್ ಬಿಸ್ವೇಶ್ವರ್ ನಂದಿ ವರ್ಷಗಟ್ಟಲೆ ಆ ಪಾದವನ್ನು ತಿದ್ದಿದರು. ಸಲಕರಣೆಯ ಕಥೆ ಇನ್ನೂ ಸೊಗಸು: ಒಳ್ಳೆಯ ಸ್ಪ್ರಿಂಗ್ ಬೋರ್ಡ್ ಇಲ್ಲದಾಗ ಹಳೆಯ ಸ್ಕೂಟರಿನ ಬಿಡಿಭಾಗ ಜೋಡಿಸಿ ಅದನ್ನು ತಯಾರಿಸಿದ್ದರು. ಹೀಗೆ ಕಲಿತ ಹುಡುಗಿ 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2016ರಲ್ಲಿ ರಿಯೋಗೆ ಹೋದಾಗ, ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಅನ್ನಿಸಿಕೊಂಡರು.

ಅಲ್ಲಿ ಅವರು ಆರಿಸಿಕೊಂಡದ್ದು ಪ್ರೊಡುನೋವಾ ಎಂಬ ಜಿಗಿತ. ಓಡಿ ಬಂದು ವಾಲ್ಟಿನ ಮೇಲೆ ಕೈಯೂರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹೊಡೆದು ಕಾಲ ಮೇಲೆ ಇಳಿಯಬೇಕು. ಲೆಕ್ಕ ತಪ್ಪಿದರೆ ಕುತ್ತಿಗೆಗೇ ಸಂಚಕಾರ. ಜಗತ್ತಿನಲ್ಲಿ ಇದನ್ನು ದಕ್ಕಿಸಿಕೊಂಡ ಹೆಂಗಸರು ಬೆರಳೆಣಿಕೆಯಷ್ಟು. ದೀಪಾ 15.066 ಅಂಕ ಪಡೆದರು; ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್‌ಗೆ 15.216. ಪದಕ ತಪ್ಪಿದ್ದು 0.150ರಲ್ಲಿ. ದೀಪಾ ಆಗ ಯಾವ ನೆಲವನ್ನೂ ದೂರಲಿಲ್ಲ.

ದೂರಿದ್ದು ಆಮೇಲೆ, ಅದೂ ಮೆಲ್ಲಗೆ. ಸಚಿನ್ ತೆಂಡೂಲ್ಕರ್ ಕೈಯಿಂದ ಬಹುಮಾನವಾಗಿ ಬಂದ ಬಿಎಂಡಬ್ಲ್ಯು ಕಾರನ್ನು ಅವರ ಮನೆಯವರು ಹಿಂತಿರುಗಿಸಿದರು. ಅಗರ್ತಲಾದ ರಸ್ತೆಗೆ ಅದು ಒಗ್ಗದು, ನಿರ್ವಹಣೆಯೂ ಕಷ್ಟ ಅನ್ನುವುದು ಕಾರಣ. ಗಾದೆಯ ಮಾತನ್ನು ಇಷ್ಟು ಅಕ್ಷರಶಃ ಆಡಿದವರನ್ನು ನಾನು ಬೇರೆ ಕಾಣೆ. ಆಗ ಯಾರೂ ನಗಲಿಲ್ಲ, ಏಕೆಂದರೆ ಅವರು ಕುಣಿದು ತೋರಿಸಿಯಾಗಿತ್ತು. ಹೆಸರು ಮಾಡದ ಹುಡುಗಿ ಅದೇ ಮಾತಾಡಿದ್ದರೆ?

ನಂತರದ ದಾರಿ ಏರಿಳಿತದ್ದು. 2017ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ, 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವಿಶ್ವಕಪ್ ಚಿನ್ನ. ಮುಂದೆ ನಿಷೇಧಿತ ಮದ್ದಿನ ಅಂಶ ಪತ್ತೆಯಾಗಿ 21 ತಿಂಗಳು ಹೊರಗಿರಬೇಕಾಯಿತು. ಅದು ಅರಿಯದೆ ದೇಹ ಸೇರಿತೆಂದ ದೀಪಾ ಶಿಕ್ಷೆಯನ್ನು ಪೂರ್ತಿ ಅನುಭವಿಸಿದರು. ಇಲ್ಲಿ ನೆಲವನ್ನು ಬೈಯುವಂತಿರಲಿಲ್ಲ. 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ ಗೆದ್ದು, ಅಕ್ಟೋಬರಿನಲ್ಲಿ ವಿದಾಯ ಹೇಳಿದರು.

ನನಗೆ ಭಯ ಹುಟ್ಟಿಸುವುದು ದೀಪಾಗೆ ಸಿಗುವ ಹೊಗಳಿಕೆ. ‘ಸ್ಕೂಟರ್ ಸ್ಪ್ರಿಂಗಿನ ಮೇಲೆ ಹಾರಿಯೂ ಗೆದ್ದಳು, ನಿಮಗೇನು ಧಾಡಿ’ ಅನ್ನುವವರಿಗೆ ಆ ಸ್ಪ್ರಿಂಗನ್ನು ಬದಲಿಸುವ ಮನಸ್ಸಿರುವುದಿಲ್ಲ. ನಮ್ಮ ಕಡೆಯಂತೂ ಎತ್ತರಕ್ಕೆ ಹೆದರಿದ ನಾಡಲ್ಲ. ಹಗ್ಗವಿಲ್ಲದೆ ಚಿತ್ರದುರ್ಗದ ಕೋಟೆಗೋಡೆ ಏರುವ ಜ್ಯೋತಿರಾಜ್ ಅವರನ್ನು ನೋಡಿ ಬೆರಗಾದವರೇ ಎಲ್ಲ. ಜಿಲ್ಲಾ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರನ್ನೂ ಇಟ್ಟಿದ್ದೇವೆ. ಹೆಸರು ಇಡುವುದು ಸುಲಭದ ಕೆಲಸ. ದಪ್ಪ ಮ್ಯಾಟು, 10 ಸೆಂ.ಮೀ. ಅಗಲದ ಬೀಮು, ಕಲಿಸಬಲ್ಲ ಒಬ್ಬ ಮಹಿಳಾ ಕೋಚ್, ಇವುಗಳಿಗೆ ದುಡ್ಡು ಬೇಕು.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಶಾಲೆಗಳ ಎಸ್‌ಡಿಎಂಸಿ ಸದಸ್ಯರಲ್ಲಿ ಒಂದೇ ಕೋರಿಕೆ: ಈ ವರ್ಷದ ಕ್ರಿಯಾಯೋಜನೆಯಲ್ಲಿ ಕಾಂಪೌಂಡಿಗೆ ಸುಣ್ಣ ಹೊಡೆಸುವ ಬಾಬತ್ತಿನ ಪಕ್ಕದಲ್ಲಿ, ಹೆಣ್ಣುಮಕ್ಕಳು ಬಿದ್ದು ಕಲಿಯಲು ಎರಡು ಮ್ಯಾಟುಗಳನ್ನೂ ಬರೆಸಿ.