ತುಟಿ ದೇವಾಲಯದಲ್ಲಿ, ಹೃದಯ ಎಲ್ಲಿ?

ಬಲಿಪೂಜೆಯಲ್ಲಿ ಗುರುಗಳು ನಮ್ಮ ಹೃದಯಗಳನ್ನು ದೇವರತ್ತ ಎತ್ತುವಂತೆ ಕರೆಯುತ್ತಾರೆ. ನಾವೆಲ್ಲ ಒಕ್ಕೊರಲಿನಿಂದ ಉತ್ತರ ಕೊಡುತ್ತೇವೆ. ಆದರೆ ಆ ಹೊತ್ತಿನಲ್ಲಿ ನಿಮ್ಮ ಮನಸ್ಸು ಎಲ್ಲಿರುತ್ತದೆ? ಮನೆಗೆ ಹೋಗಿ ಮಾಡಬೇಕಾದ ಅಡುಗೆ, ಮಗನ ಕಾಲೇಜಿನ ಫೀಸು, ನಾಳೆ ಕಟ್ಟಬೇಕಾದ ಸಾಲದ ಕಂತು. ಪೂಜೆ ಮುಗಿದಾಗ, ‘ಬಾಯಿ ಮಾತ್ರ ಪ್ರಾರ್ಥಿಸಿತು, ಇದು ಕಪಟವಲ್ಲವೇ?’ ಎಂಬ ಅಳುಕು ಕಾಡುತ್ತದೆ. ಇಂಥ ಕಾಟಾಚಾರಕ್ಕಿಂತ ದೇವಾಲಯಕ್ಕೆ ಬಾರದಿರುವುದೇ ಮೇಲು ಎನ್ನುವವರೂ ಇದ್ದಾರೆ.

ಪ್ರಿಯ ಓದುಗರೇ, ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಮನಸ್ಸು ಚದುರುವುದು ಬೇರೆ, ಮೋಸ ಮಾಡುವುದು ಬೇರೆ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಪ್ರಾರ್ಥಿಸುವವನ ಗಮನವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಪದಗಳನ್ನು ತಪ್ಪಿಲ್ಲದೆ ಹೇಳುವುದರತ್ತ ಗಮನ, ಅವುಗಳ ಅರ್ಥದತ್ತ ಗಮನ, ದೇವರತ್ತ ಗಮನ. ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಅದು ಓದುಬರಹ ಬಾರದವರಿಗೂ ಸಾಧ್ಯ ಎಂದರು. ಬೇಕೆಂದೇ ಮನಸ್ಸನ್ನು ಅಲೆಯಬಿಟ್ಟರೆ ಅದು ಪಾಪ; ನಮಗರಿಯದೆ ಅದು ಅಲೆದರೆ ಪ್ರಾರ್ಥನೆಯ ಫಲ ನಾಶವಾಗದು ಎಂಬುದು ಅವರ ಬೋಧನೆ. ಲಿಸಿಯೋದ ಸಂತ ತೆರೇಸಾ ಪ್ರಾರ್ಥನೆಯ ವೇಳೆ ತೂಕಡಿಸುತ್ತಿದ್ದುದನ್ನು ಮುಚ್ಚಿಡದೆ ಬರೆದುಕೊಂಡರು. ಮಕ್ಕಳು ನಿದ್ರಿಸುವಾಗಲೂ ಹೆತ್ತವರ ಪ್ರೀತಿ ಕುಂದುವುದಿಲ್ಲವೆಂದು ಸಮಾಧಾನಗೊಂಡರು. ಅವರನ್ನೇ ಪೋಪ್ ಎರಡನೆಯ ಜಾನ್ ಪಾಲ್ 1997ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು.

ಹಾಗಾದರೆ ಯೇಸುಸ್ವಾಮಿ ಕಪಟ ಎಂದದ್ದು ಯಾವುದನ್ನು? ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯವನ್ನು ತೆರೆದು ನೋಡಿ. ತುಟಿಯಲ್ಲಿ ಗೌರವ, ಹೃದಯ ಮಾತ್ರ ದೂರ ಎಂಬ ಯೆಶಾಯ ಪ್ರವಾದಿಯ ಮಾತನ್ನು ಯೇಸು ನೆನಪಿಸುತ್ತಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ಪ್ರಾರ್ಥನೆಯಲ್ಲಿ ತೂಕಡಿಸಿದವನದಲ್ಲ. ತನ್ನ ಸೊತ್ತು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಂದೆತಾಯಿಗೆ ಕೈಬಿಟ್ಟವನದು! ದೇವರ ಹೆಸರನ್ನೇ ಮುಂದೆ ಮಾಡಿ ಕರ್ತವ್ಯದಿಂದ ನುಣುಚಿಕೊಂಡ ಮಗನ ಹೃದಯವೇ ದೇವರಿಂದ ದೂರವಾದ ಹೃದಯ.

ಪವಿತ್ರ ಗ್ರಂಥದ ಹಿಬ್ರೂ ಭಾಷೆಯಲ್ಲಿ ಹೃದಯವೆಂದರೆ ಭಾವನೆಗಳ ಗೂಡಷ್ಟೇ ಅಲ್ಲ. ಮನುಷ್ಯ ಯೋಚಿಸಿ ತೀರ್ಮಾನ ಮಾಡುವ ಸ್ಥಳವೂ ಹೌದು. ಆದ್ದರಿಂದ ಭಕ್ತಿಗೀತೆ ಕೇಳಿ ಕಣ್ಣು ತುಂಬಿತೇ ಎಂಬುದು ಪ್ರಾಮಾಣಿಕತೆಯ ಅಳತೆಗೋಲಲ್ಲ. ಹಬ್ಬಕ್ಕೆ ಧಾರಾಳವಾಗಿ ವಂತಿಗೆ ಕೊಟ್ಟ ನಾನು ತಾಯಿಯ ಔಷಧಿಗೆ ಲೆಕ್ಕ ಕೇಳಿದೆನೇ? ಆಸ್ತಿ ಪಾಲಿನ ಜಗಳದಿಂದ ಮಾತು ಬಿಟ್ಟ ತಮ್ಮ ಅದೇ ದೇವಾಲಯದ ಇನ್ನೊಂದು ಬೆಂಚಿನಲ್ಲಿರುವಾಗ, ಅವನನ್ನು ಬಿಟ್ಟು ಅಕ್ಕಪಕ್ಕದವರಿಗೆಲ್ಲ ಶಾಂತಿಯನ್ನು ಕೋರಿದೆನೇ? ಅಳತೆಗೋಲು ಇಲ್ಲಿದೆ.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ರಾಜಿಯಾಗಲು ಹೋಗಬೇಕೆಂದು ಯೇಸು ಕಲಿಸಿದರು (ಮತ್ತಾಯ 5:23-24). ಆಮೇಲೆ ಮರಳಿ ಬಂದು ಕಾಣಿಕೆ ಅರ್ಪಿಸಬೇಕೆಂದೂ ಹೇಳಿದರು. ಎಂದರೆ, ಪೂಜೆಯನ್ನು ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ತಮ್ಮ ಬಾಗಿಲು ತೆರೆಯದಿದ್ದರೆ? ನಮ್ಮಿಂದಾಗುವಷ್ಟು ಮಟ್ಟಿಗೆ ಸಮಾಧಾನದಿಂದಿರಲು ಸಂತ ಪೌಲರು ಹೇಳುತ್ತಾರೆ (ರೋಮ 12:18). ಬಾಗಿಲು ತಟ್ಟುವುದು ನಿಮ್ಮ ಪಾಲಿನದು.

ಬರುವ ಭಾನುವಾರ ಮನಸ್ಸು ಅಲೆದರೆ ಎದೆಗುಂದಬೇಡಿ, ಮೆಲ್ಲಗೆ ಮರಳಿ ಕರೆತನ್ನಿ. ಆದರೆ ಶನಿವಾರ ಸಂಜೆಯೇ ಒಂದು ಕೆಲಸ ಮಾಡಿ: ಮಾತು ಬಿಟ್ಟವರ ಮನೆಗೊಮ್ಮೆ ಹೋಗಿ ಬನ್ನಿ.