ಉಪಕಾರ ಯಾರಿಗೆ?

ಒಂದು ಜೀವವನ್ನು ಮತ್ತೊಂದು ಜೀವದೊಳಗೆ ನೆಲೆಗೊಳಿಸಿ ಅದನ್ನು 'ಉಪಕಾರಿ' ಎಂದು ಕರೆಯುವಾಗ, ಆ ಉಪಕಾರ ಯಾರಿಗೆ ಎಂದು ವಿವೇಕಿಯು ಕೇಳಿಕೊಳ್ಳದೆ ಇರಲಾರನು. ನ್ಯೂಜಿಲೆಂಡಿನ ಮೇವಿನ ಹುಲ್ಲೊಂದರ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅಲ್ಲಿ ರೈಗ್ರಾಸ್ ಎಂಬ ಹುಲ್ಲನ್ನು ಮೇಯ್ದ ಕುರಿಗಳು ಬೇಸಗೆಯಲ್ಲಿ ನಡುಗುತ್ತಿದ್ದವು; ಬೆದರಿ ಓಡಿದರೆ ತತ್ತರಿಸಿ ಬೀಳುತ್ತಿದ್ದವು. ಹುಲ್ಲಿನೊಳಗೆ ಕಣ್ಣಿಗೆ ಕಾಣದಂತೆ ಬಾಳುವ ಶಿಲೀಂಧ್ರಕ್ಕೂ ಈ ವ್ಯಾಧಿಗೂ ಸಂಬಂಧವಿದೆಯೆಂದು 1981ರಲ್ಲಿ ತಿಳಿದುಬಂದಿತು. ಶಿಲೀಂಧ್ರವಿಲ್ಲದ ಬೀಜವನ್ನು ಬಿತ್ತಿದಲ್ಲಿ ಕುರಿಗಳ ಸಂಕಟವೇನೋ ನೀಗಿತು. ಆದರೆ ಮೂತಿಹುಳುಗಳ ಬಾಧೆಯಿಂದ ಹುಲ್ಲೇ ನಾಶವಾಗತೊಡಗಿತು. ಕುರಿಯನ್ನು ಕಾಡಿದ ಶಿಲೀಂಧ್ರವೇ ಹುಲ್ಲನ್ನು ಕಾಯುತ್ತಲೂ ಇತ್ತು.

ಆ ಶಿಲೀಂಧ್ರವು ಉಂಟುಮಾಡುವ ರಾಸಾಯನಿಕಗಳು ಹಲವು. ಕುರಿಯನ್ನು ನಡುಗಿಸುವುದು ಲೋಲಿಟ್ರೆಮ್-ಬಿ. ಮೂತಿಹುಳುವನ್ನು ದೂರವಿಡುವುದು ಪೆರಮೈನ್. ಮೊದಲನೆಯದನ್ನು ಉಂಟುಮಾಡದೆ ಎರಡನೆಯದನ್ನು ಮಾತ್ರ ಉಂಟುಮಾಡುವ ಪ್ರಭೇದವನ್ನು ವಿಜ್ಞಾನಿಗಳು ಹುಡುಕಿದರು. ಎಳೆಯ ಸಸಿಯನ್ನು ಸೂಕ್ಷ್ಮವಾಗಿ ಸೀಳಿ ಅದರೊಳಗೆ ಶಿಲೀಂಧ್ರದ ಎಳೆಯನ್ನು ಇಡುವರು. ಅದು ನೆಲೆಗೊಂಡರೆ ಮುಂದೆ ಬೀಜದ ಮೂಲಕವೇ ಸಂತತಿಗೆ ಸಾಗುವುದು. ಹೀಗೆ 'ಎಆರ್1' ಎಂಬ ಪ್ರಭೇದವು 2001ರಲ್ಲಿ ರೈತರ ಕೈಸೇರಿತು. 2007ರಲ್ಲಿ ಬಂದ 'ಎಆರ್37' ಇನ್ನೂ ಹೆಚ್ಚು ಬಗೆಯ ಕೀಟಗಳಿಂದ ಹುಲ್ಲನ್ನು ಕಾಯುತ್ತದೆ; ಆದರೆ ಅದನ್ನು ಮೇಯ್ದ ಕುರಿಗಳಿಗೆ ಒಮ್ಮೊಮ್ಮೆ ನಡುಕ ಬರುವುದುಂಟು.

ಪ್ರಕೃತಿಯಲ್ಲಿ ಕೈಯಿಕ್ಕುವುದೇ ತಪ್ಪೆಂದು ಇಲ್ಲಿ ಹೇಳಿ ಮುಗಿಸುವಂತಿಲ್ಲ. ಬಿತ್ತಿದ ಹುಲ್ಲುಗಾವಲು ಮನುಷ್ಯನ ಕೃತಿಯೇ. ಶಿಲೀಂಧ್ರವನ್ನು ತೆಗೆಯುವುದು, ಇದ್ದಂತೆ ಬಿಡುವುದು, ಬೇರೊಂದನ್ನು ಇಡುವುದು, ಈ ಮೂರೂ ಅವನ ಆಯ್ಕೆಗಳೇ. ಪೆರಮೈನ್ ಮುಖ್ಯವಾಗಿ ಹುಳುವನ್ನು ಹುಲ್ಲಿನಿಂದ ವಿಮುಖಗೊಳಿಸುತ್ತದೆ. ಹೊಲವೆಲ್ಲ ಕೀಟನಾಶಕವನ್ನು ಸಿಂಪಡಿಸುವುದಕ್ಕಿಂತ ಇದು ಸೌಮ್ಯವಾದ ಮಾರ್ಗ. ಆದರೂ ಆಹಾರ ತಪ್ಪಿದ ಹುಳುವಿಗೆ ಹಸಿವು ಹಸಿವೇ. ಕಡಿಮೆಯಾದ ಹಿಂಸೆಯನ್ನು ಇಲ್ಲವಾದ ಹಿಂಸೆಯೆಂದು ಎಣಿಸಲಾಗದು.

ಕೃಷಿಯಲ್ಲಿ ತೊಡಗಿದ ಗೃಹಸ್ಥನಿಗೆ ಉದ್ಯೋಗೀ ಹಿಂಸೆಯು ಪೂರ್ಣವಾಗಿ ತಪ್ಪದು. ಅದನ್ನು ಕುಗ್ಗಿಸುವುದು ಅವನ ಕರ್ತವ್ಯ; ಮರೆಮಾಚದಿರುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಎಆರ್37 ಇರುವ ಹುಲ್ಲನ್ನು ಆರಿಸಿಕೊಂಡವನು ನಡುಕದ ಕುರುಹು ಕಂಡೊಡನೆ ಮಂದೆಯನ್ನು ಬೇರೆ ಗಾವಲಿಗೆ ಒಯ್ಯಬೇಕು. ಹುಲ್ಲು ಉಳಿಯಿತೆಂಬ ಸಂತೋಷದಲ್ಲಿ ಕುರಿಯನ್ನು ಮರೆತರೆ ಅದು ಪ್ರಮಾದ. ಯಾರಿಗೆ ಒಳಿತಾಗಲಿಲ್ಲವೆಂಬುದನ್ನೂ ಲೆಕ್ಕಕ್ಕೆ ತಂದುಕೊಂಡವನೇ 'ಉಪಕಾರಿ' ಎಂಬ ಮಾತನ್ನು ಆಡಲು ಅರ್ಹನು.